ಹಳದಿ ಫ್ರಾಕಿನ ತಪಾಸಣೆ

ತಂಗಿಯ ಮಗಳಿಗೆಂದು ನಾನು ಹೊಲಿದ ಹಳದಿ ಫ್ರಾಕು ಮೂರು ತಿಂಗಳಿನಿಂದ ನನ್ನ ಹೊಲಿಗೆ ಅಂಗಡಿಯ ಕಪಾಟಿನಲ್ಲೇ ಕೂತಿತ್ತು. ಫ್ರಾಕು ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ. ಒಂದು ದಿನ ತಂಗಿ ಫೋನಿನಲ್ಲಿ, "ಅಕ್ಕಾ, ಇವಳ ತೋಳು ನೋಡ್ಬೇಕು ನೀನು, ಮಡಿಕೆ ಮಡಿಕೆ! ಇನ್ನೊಂದು ವಾರ ಬಿಟ್ರೆ ನಿನ್ನ ಫ್ರಾಕು ಗೊಂಬೆಗೇ ಸೈ" ಎಂದಳು. ಆದರೂ ಅದನ್ನು ಕೊಟ್ಟುಬಿಡಲು ನನಗೆ ಧೈರ್ಯ ಬರಲಿಲ್ಲ.

ವಿಷಯ ಇಷ್ಟೇ. ಹೊಲಿಯುವಾಗ ಚುಚ್ಚಿದ ಗುಂಡುಪಿನ್ನು ಒಂದಾದರೂ ಬಟ್ಟೆಯೊಳಗೇ ಉಳಿದುಬಿಟ್ಟಿದ್ದರೆ? ಹದಿನೆಂಟು ವರ್ಷದ ಕಸುಬಿನಲ್ಲಿ ಒಮ್ಮೆಯೂ ಉಳಿದಿಲ್ಲ ನಿಜ. ಆದರೆ ನನ್ನ ಹಾಳು ತಲೆಗೆ ಖಾತ್ರಿಯೇ ಬೇಕು. ಫ್ರಾಕಿನ ಮೇಲೆ ಅಯಸ್ಕಾಂತ ಆಡಿಸಿದೆ. ಪ್ರೆಸ್ ಬಟನ್ನುಗಳು ಅದಕ್ಕೆ ಟಪ್ಪನೆ ಅಂಟಿಕೊಂಡು ಜೀವ ಬಾಯಿಗೆ ತಂದವು. ಅವನ್ನು ಕಿತ್ತು ಲಾಡಿ ಹಚ್ಚಿದೆ. ಒಳಗಿನ ಅಸ್ತರು ಬಿಚ್ಚಿ ನೋಡಿ ಮತ್ತೆ ಹೊಲಿದೆ. ಹೊಲಿಯುವಾಗ ಮತ್ತೆ ಪಿನ್ನು ಚುಚ್ಚಿದ್ದೆನಲ್ಲ, ಹಾಗಾಗಿ ಮತ್ತೆ ಬಿಚ್ಚಿದೆ. ಈ ಜಾಣತನಕ್ಕೆ ಏನನ್ನೋಣ! ಮಗುವನ್ನಂತೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ನಾನು ಉಟ್ಟ ಬಟ್ಟೆಯಲ್ಲೇ ಪಿನ್ನಿದ್ದರೆ ಎಂದು ಬಾಗಿಲಿನಿಂದಲೇ ಕೈಬೀಸಿ ಬಂದ ದೊಡ್ಡಮ್ಮ ನಾನು. ಮನೆಗೆ ಬಂದು ಅತ್ತಿದ್ದೆ ಕೂಡ.

ಇದಕ್ಕೆ ಒಸಿಡಿ, ಅಂದರೆ ಗೀಳು ರೋಗ, ಎಂಬ ಹೆಸರಿದೆ ಎಂದವರು ನಾನು ಕೊನೆಗೂ ಹೋಗಿ ಕಂಡ ಮನೋವೈದ್ಯೆ. ಹೆಸರಿಟ್ಟು ಸುಮ್ಮನಾಗಲಿಲ್ಲ, ನನ್ನ ಗಂಡನನ್ನೂ ಕರೆಸಿದರು. "ಇವರು 'ಪಿನ್ನಿಲ್ಲ ಅಲ್ವಾ' ಅಂತ ಕೇಳಿದ್ರೆ ಇನ್ಮೇಲೆ ಇಲ್ಲ ಅಂತ ಧೈರ್ಯ ಹೇಳ್ಬೇಡಿ. ಹತ್ತು ನಿಮಿಷ ಸಮಾಧಾನ ಆಗುತ್ತೆ, ಆಮೇಲೆ ಮತ್ತೆ ಅದೇ ಕಥೆ." ನನ್ನ ಕಡೆ ತಿರುಗಿ, "ಬೇರೆ ದರ್ಜಿಗಳ ಹಾಗೆ ಒಂದೇ ಸಲ ನೋಡಿ, ಮಡಚಿ ಕೊಟ್ಬಿಡಿ. ಅನುಮಾನ ಬರುತ್ತೆ, ಬರಲಿ. ಅದನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ನಿಮ್ಮ ಕೆಲಸ ಮಾಡಿ" ಎಂದರು.

ಗಂಡನಿಗೆ ಸ್ವರ್ಗಕ್ಕೆ ಮೂರೇ ಗೇಣು. ದಿನಕ್ಕೆ ನಲವತ್ತು ಸಲ "ಇಲ್ಲ ಕಣೇ" ಎಂದು ಗಂಟಲು ಒಣಗಿಸಿಕೊಂಡಿದ್ದ ಮನುಷ್ಯ ಅದು.

"ರೀ, ಪಿನ್ನಿಲ್ಲ ಅಲ್ವಾ?"

"ಇದ್ರೂ ಇರಬಹುದು." ಪೇಪರಿನಿಂದ ತಲೆ ಎತ್ತಲಿಲ್ಲ.

"ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ!"

"ಡಾಕ್ಟ್ರು ಹೇಳ್ಕೊಟ್ಟಿದ್ದು. ಅವರಿಗೂ ಒಂದು ಹಿಡಿ ತಗೊಂಡು ಹೋಗು."

ಸಿಟ್ಟು ಬಂದಿತ್ತು, ನಗುವೂ ಬಂತು.

ಭಾನುವಾರ ಬೆಳಿಗ್ಗೆ ಫ್ರಾಕಿನ ಹೊಲಿಗೆಗಳ ಮೇಲೆ ಒಂದೇ ಒಂದು ಸಲ ಬೆರಳಾಡಿಸಿ, ಮಡಚಿ ಚೀಲಕ್ಕೆ ಹಾಕಿದೆ. ತಂಗಿಯ ಮನೆಗೆ ಹೋಗುವ ಬಸ್ಸಿನಲ್ಲಿ ಕೈ ತಾನಾಗಿಯೇ ಚೀಲದೊಳಗೆ ಇಳಿಯಿತು. ಗಂಡ ನೋಡಿದ.

"ತೆಗೀಬೇಕು ಅನ್ನಿಸ್ತಿದ್ಯಾ?"

"ಹೂಂ."

"ಇನ್ನು ಮೂರೇ ಸ್ಟಾಪು."

ನನ್ನ ಕೈಗಳ ಮೇಲೆ ನಾನೇ ಕುಳಿತುಕೊಂಡೆ. ಎದುರಿನ ಸೀಟಿನ ಹೆಂಗಸು ವಿಚಿತ್ರವಾಗಿ ನೋಡಿದಳು. ನೋಡಿಕೊಳ್ಳಲಿ.

ತಂಗಿ ಬಾಗಿಲಲ್ಲೇ ಚೀಲ ಕಿತ್ತುಕೊಂಡು ಮಗುವಿಗೆ ಫ್ರಾಕು ತೊಡಿಸಿಯೇಬಿಟ್ಟಳು. ಲಾಡಿ ಎಳೆದು ಕಟ್ಟಿದರೆ ಹೇಗೋ ಸಾಲುತ್ತಿತ್ತು. ಮರುಗಳಿಗೆ ಮಗು ನನ್ನ ತೊಡೆಯ ಮೇಲಿತ್ತು. ನನ್ನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ನಾನೂ ನಗಬೇಕೆನ್ನುವಷ್ಟರಲ್ಲಿ ಸೂರು ಹಾರಿಹೋಗುವಂತೆ ಅಳತೊಡಗಿತು.

ಪಿನ್ನು ಚುಚ್ಚಿತೇ? ಬೆರಳು ಲಾಡಿಯ ಗಂಟಿನ ಮೇಲಿತ್ತು. ಬಿಚ್ಚಿ ನೋಡಿಬಿಟ್ಟರೆ ಮುಗಿಯಿತು. ಗಂಡನ ಕಡೆ ನೋಡಿದರೆ ಅವನು ಕಿಟಕಿಯತ್ತ ಮುಖ ತಿರುಗಿಸಿಕೊಂಡ.

"ಯಾಕೇ ಅಳ್ತಿದಾಳೆ?" ಎಂದೆ ತಂಗಿಗೆ.

"ಗೊತ್ತಿಲ್ಲಕ್ಕ."

"ಗೊತ್ತಿಲ್ಲ ಅಂದ್ರೆ? ನೀನೂ ಆ ಡಾಕ್ಟ್ರ ಪಾರ್ಟೀನಾ?"

"ಯಾವ ಡಾಕ್ಟ್ರು? ಹೆತ್ತೋಳು ನಾನು, ನಂಗೇ ಗೊತ್ತಾಗಲ್ಲ. ಒಂದ್ಸಲ ಹಸಿವು, ಒಂದ್ಸಲ ಹೊಟ್ಟೆನೋವು, ಒಂದ್ಸಲ ಏನಂತಾನೇ ತಿಳಿಯಲ್ಲ. ಎತ್ಕೊಂಡು ಓಡಾಡ್ತೀನಿ, ಇನ್ನೇನ್ ಮಾಡೋದು?"

ಗಂಟಿನಿಂದ ಬೆರಳು ತೆಗೆದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದೆ. ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಮನೆ. ಅನುಮಾನ ಎಲ್ಲಿಗೂ ಹೋಗಲಿಲ್ಲ, ನನ್ನ ಜೊತೆಯಲ್ಲೇ ಸುತ್ತಿತು. ಬೆನ್ನು ಬೆವೆತುಹೋಯಿತು. ಎಷ್ಟು ಸುತ್ತಾಯಿತೋ, ಅಳು ನಿಂತು ಕತ್ತಿನ ಮೇಲೆ ಬೆಚ್ಚಗೆ ಜೊಲ್ಲು ಇಳಿಯಿತು. ಯಾಕೆ ಅತ್ತಳು, ಯಾಕೆ ನಿಲ್ಲಿಸಿದಳು, ಯಾರಿಗೂ ತಿಳಿಯಲಿಲ್ಲ.

"ಕೈ ನೋಯುತ್ತೆ, ಕೊಡಕ್ಕ" ಎಂದು ತಂಗಿ ಕೈಚಾಚಿದಳು.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ ಬಿಡೇ" ಎಂದೆ.