ಮುಟ್ಟಿದ ರಾಜ

ಒಂಟಿಕೊಪ್ಪಲಿನ ಚೆಸ್ ಕ್ಲಬ್ಬಿನಲ್ಲಿ ಭಾನುವಾರದ ಮಕ್ಕಳ ತರಗತಿಯನ್ನು ಬಹಳ ವರ್ಷಗಳಿಂದ ವೇದವತಿಯೇ ನಡೆಸುತ್ತಿದ್ದಳು. ಈ ಬೇಸಿಗೆಯಲ್ಲಿ ಕಾರ್ಯದರ್ಶಿ ಸುಂದರೇಶ ಅದು ತನಗೆ ಬೇಕೆಂದು ತರಗತಿ ಕೋಣೆಯ ಬೀಗದ ಕೈ ತೆಗೆದಿಟ್ಟುಕೊಂಡ. ಅವನು ಅವಳ ಸ್ವಂತ ಅಣ್ಣ. ಅವಳದು ಅಡುಗೆಮನೆ ಆಟ, ಮಕ್ಕಳ ಕೈ ಕೆಡುತ್ತದೆ ಎಂದು ಸಭೆಯಲ್ಲೇ ಹೇಳಿದ. ಕ್ಲಬ್ಬಿನ ಟೂರ್ನಿಯಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ತರಗತಿ ಅವರದು ಎಂದು ತೀರ್ಮಾನವಾಯಿತು. ಕೊನೆಯ ಸುತ್ತಿಗೆ ಇಬ್ಬರದೂ ಸಮ ಅಂಕ, ಎದುರುಬದುರು ಕೂರಬೇಕಾಯಿತು.

ಕೈ ಕುಲುಕುವಾಗ ಸುಂದರೇಶ ಬೆರಳ ತುದಿಯನ್ನಷ್ಟೇ ಕೊಟ್ಟ.

ಅಗ್ರಹಾರದ ಮನೆಯಲ್ಲಿ ಇಬ್ಬರಿಗೂ ಆಟ ಕಲಿಸಿದವರು ಅಮ್ಮ. ಅದು ಹಳೆಯ ಪದ್ಧತಿ. ಪೇದೆ ಮೊದಲ ಸಲವೂ ಒಂದೇ ಮನೆ ನಡೆಯಬೇಕು, ರಾಜ ಒಂದು ಬಾರಿ ಕುದುರೆಯಂತೆ ಹಾರಬಹುದು. ಟೂರ್ನಿಯಲ್ಲಿ ಪೇದೆ ಮೊದಲ ಸಲ ಎರಡು ಮನೆ ಹೋಗಬಹುದು, ರಾಜ ಹಾರುವಂತಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬುದು ಮಾತ್ರ ಎರಡು ಕಡೆಯೂ ಒಂದೇ. ಚಿಕ್ಕಂದಿನಲ್ಲಿ ವೇದವತಿ ಕಾಯಿ ಮುಟ್ಟಿ ಕೈ ಹಿಂದೆಗೆದರೆ ಅಣ್ಣ ಅವಳ ಬೆರಳಿನ ಮೇಲೆ ಹೊಡೆಯುತ್ತಿದ್ದ.

ಬಿಳಿ ಕಾಯಿ ಅವಳದಾಗಿತ್ತು. ರಾಜನ ಮುಂದಿನ ಪೇದೆಯನ್ನು ಒಂದೇ ಮನೆ ಸರಿಸಿದಳು. ಆಮೇಲೆ ಪಕ್ಕದ್ದು, ಅದನ್ನೂ ಒಂದೇ ಮನೆ.

"ಅಮ್ಮನ ಓಪನಿಂಗು," ಎಂದು ಅವನು ನಕ್ಕ. "ಮಕ್ಕಳಿಗೂ ಇದನ್ನೇ ಏನೇ ಹೇಳ್ಕೊಡೋದು?"

ಅವಳು ಮೂರನೆಯ ಪೇದೆಯನ್ನೂ ಒಂದೇ ಮನೆ ಸರಿಸಿದಳು. ಈಗಿನ ಆಟದಲ್ಲಿ ಅಣ್ಣನನ್ನು ಗೆಲ್ಲುವುದು ತನ್ನಿಂದಾಗದು, ಮನೆಯ ಆಟಕ್ಕೆ ಎಳೆದರೆ ಅವನ ಕೈ ಹಳೆಯ ದಾರಿ ಹಿಡಿದೀತು ಎಂದು ಲೆಕ್ಕ ಹಾಕಿಯೇ ಬಂದಿದ್ದಳು. ಅಣಕಿಸಲೆಂದು ಅವನೂ ಪೇದೆಗಳನ್ನು ಒಂದೊಂದೇ ಮನೆ ನಡೆಸಿದ, ಚಕಚಕನೆ, ಯೋಚಿಸದೆ. ಅದೇ ಭರದಲ್ಲಿ ರಾಜನನ್ನು ಕುದುರೆಯಂತೆ ಹಾರಿಸಿ ಪೇದೆಗಳ ಮರೆಗೆ ಇಟ್ಟು ಗಡಿಯಾರ ಒತ್ತಿದ.

ವೇದವತಿ ಗಡಿಯಾರ ನಿಲ್ಲಿಸಿ ಕೈ ಎತ್ತಿದಳು. ತೀರ್ಪುಗಾರ ಮಹದೇವಸ್ವಾಮಿ ಬರುವಷ್ಟರಲ್ಲಿ ಸುಂದರೇಶನ ಮುಖ ಕೆಂಪೇರಿತ್ತು.

"ಬಿಟ್ಬುಡು ವೇದಾ. ಕೈತಪ್ಪು ಕಣೇ."

"ಮುಟ್ಟಿದ್ದೀಯ. ನಡೆಸು ಅಣ್ಣ."

ತೀರ್ಪುಗಾರರು ರಾಜನನ್ನು ಮೊದಲಿನ ಮನೆಗೆ ಇಟ್ಟು, ತಪ್ಪು ನಡೆಗೆ ದಂಡವಾಗಿ ಅವಳಿಗೆ ಎರಡು ನಿಮಿಷ ಹೆಚ್ಚಿಗೆ ಕೊಟ್ಟು, ರಾಜನನ್ನೇ ನಡೆಸಬೇಕು ಎಂದರು. ರಾಜನಿಗೆ ಉಳಿದಿದ್ದದ್ದು ಒಂದೇ ಮನೆ, ತನ್ನದೇ ಮಂತ್ರಿಗೂ ಒಂಟೆಗೂ ಅಡ್ಡವಾಗಿ. ಆ ಇಕ್ಕಟ್ಟಿನಿಂದ ಅವನ ಆಟ ಹೊರಬರಲೇ ಇಲ್ಲ. ಊಟದ ಹೊತ್ತಿಗೆ ಸೋಲೊಪ್ಪಿಕೊಂಡ. ಈ ಸಲ ಬೆರಳ ತುದಿಯನ್ನೂ ಕೊಡಲಿಲ್ಲ.

"ಅಮ್ಮನ್ನ ಮುಂದಿಟ್ಕೊಂಡು ಮೋಸ ಮಾಡ್ದೆ."

"ನಿನ್ನ ಕೈ ನಾನು ಹಿಡೀಲಿಲ್ಲವಲ್ಲ. ತರಗತಿ ಕೋಣೆ ಬೀಗದ ಕೈ ಕೊಡು."

ಅವನು ಅದನ್ನು ಬೋರ್ಡಿನ ಮೇಲೆ ಎಸೆದ. ಎರಡು ಪೇದೆ ಉರುಳಿದವು. ಅವಳು ಮೊದಲು ಬೀಗದ ಕೈ ಎತ್ತಿಕೊಂಡಳು, ಆಮೇಲೆ ಪೇದೆಗಳನ್ನು.