ಟಿವಿಗೆ ಹೋದ ಮದುವೆ ಸೀರೆ

ನಾನು ಒಂದು ಇಳಕಲ್ ಸೀರೆ. ಕುಣಿಮಗ್ಗದಲ್ಲಿ ಹುಟ್ಟಿದವಳು, ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಈಗ ಕೌದಿಯ ತುಂಡುಗಳಾಗಿದ್ದೇನೆ, ಆದರೂ ಗತ್ತು ಬಿಟ್ಟಿಲ್ಲ.

ಗದಗಿನ ಕಸ್ತೂರಿ ನನ್ನನ್ನುಟ್ಟು ಮದುವೆಯಾದಳು. ವರ ನೀಲಕಂಠ ಹೂಗಾರ, ಊರೂರಿನ ಹಾಸ್ಯಸಂಜೆಗಳಲ್ಲಿ ಜನರನ್ನು ನಗಿಸುವವನು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಮಾತ್ರ ಒಡಪು ಎಂಬ ಪ್ರಾಸದ ಸಾಲು ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳಬೇಕು. ಕಸ್ತೂರಿ ಶುರುಮಾಡಿದಳು: "ಅಂಗಳದಾಗ ರಂಗೋಲಿ, ಬಾಗಲದಾಗ ತೋರಣ..." ಅಲ್ಲಿಗೇ ನಿಂತಳು. ನಾಚಿಕೆಗೆ ಒಡಪೂ ಮರೆತುಹೋಯಿತು, ಗಂಡನ ಹೆಸರೂ ಮರೆತುಹೋಯಿತು! ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳೇ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಅದು ಮನೆಯ ನಗು.

ನೀಲಕಂಠ ಅದನ್ನು ಪೇಟೆಗೆ ಹಾಕಿದ. ಟಿವಿಯ ಕಾಮಿಡಿ ಸ್ಪರ್ಧೆಗೆ ಆಯ್ಕೆಯಾದಾಗ ನನ್ನನ್ನು ಟ್ರಂಕಿನಿಂದ ತೆಗೆದ.

"ಅದು ನನ್ನ ಮದುವಿ ಸೀರಿ ಐತ್ರೀ" ಎಂದಳು ಕಸ್ತೂರಿ.

"ಒಂದ ಸಲ ಉಟ್ಟು ಕೊಡ್ತೀನಿ, ತಗೊ."

ಮೀಸೆ ಬೋಳಿಸಿ, ನನ್ನನ್ನುಟ್ಟು, ಒಡಪು ಮರೆತ ಮದುಮಗಳಾದ. ಹೆಸರನ್ನಾದರೂ ಬದಲಿಸಬಾರದೆ? ಕಸ್ತೂರಿ ಎಂದೇ ಹೇಳಿಕೊಂಡ. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಂದು ಸಲ ಎಂದವನು ವಾರವಾರವೂ ಉಟ್ಟ. ಅವಳ ಸಿಟ್ಟು, ಅಳು, ಅಡುಗೆಮನೆಯ ಗೊಣಗಾಟ ಎಲ್ಲವೂ ಪರದೆ ಹತ್ತಿದವು. ನನ್ನ ಸೆರಗಿಗೆ ಮೇಕಪ್ಪಿನ ಕಲೆ ಹತ್ತಿತು.

ಇತ್ತ ಕಸ್ತೂರಿ ಕಾಯಿಪಲ್ಲೆಗೆ ಹೋದರೆ, "ಗಂಡನ ಹೆಸರ ನೆನಪಾತೇನವಾ?" ಎಂದು ಸಂತೆಯೇ ಕೇಳುತ್ತಿತ್ತು. ನಾದಿನಿಯ ಮದುವೆಯಲ್ಲಿ ಒಡಪಿಗೆ ಕರೆದಾಗ ಎದ್ದುಹೋಗಿ ಹಿತ್ತಲಲ್ಲಿ ಅತ್ತಳು. ಆಮೇಲೆ ಗಂಡನೆದುರು ಬಾಯಿಯನ್ನೇ ಮುಚ್ಚಿದಳು. ಹೊಸ ಸ್ಕಿಟ್ಟಿಗೆ ಮಾತು ಹುಡುಕಿಕೊಂಡು ಬಂದವನಿಗೆ ಊಟದ ತಟ್ಟೆ ಇಟ್ಟಳು, ಅಷ್ಟೇ.

"ಏನರ ಒಂದ ಮಾತಾಡ ಮಾರಾಯ್ತಿ!"

"ಮಾತಾಡಿದ್ರ ಟಿವ್ಯಾಗ ಬರತೈತಿ."

ಆ ಮಾತನ್ನೂ ಅವನು ಟಿವಿಯಲ್ಲಿ ಹೇಳಿದ. ಎಲ್ಲಕ್ಕಿಂತ ದೊಡ್ಡ ನಗು ಅದಕ್ಕೇ ಬಂತು.

ಕಸ್ತೂರಿ ಮತ್ತೆ ಅವನೊಡನೆ ಮಾತಾಡಲಿಲ್ಲ. ಮಾತಿನ ಸರಕು ತೀರಿತು, ಟಿವಿಗೆ ಹೊಸ ಮುಖಗಳು ಬಂದವು, ನೀಲಕಂಠ ಊರಿಗೆ ಬಂದ. ಅವಳು ನನ್ನನ್ನು ಒಗೆದಳು, ಕಲೆ ಹೋಗಲಿಲ್ಲ. ಕತ್ತರಿಸಿ, ಹಳೆಯ ಬಟ್ಟೆಗಳ ಜೊತೆ ಹೊಲಿದು ಕೌದಿ ಮಾಡಿದಳು. ಕತ್ತರಿಗಿಂತ ಅವಳ ಮೌನವೇ ನನ್ನನ್ನು ಹೆಚ್ಚು ನೋಯಿಸಿತು.

ಈಗ ಮುದುಕ ನೀಲಕಂಠ ನನ್ನನ್ನೇ ಹೊದ್ದು ಒಳಕೋಣೆಯಲ್ಲಿ ಕೂರುತ್ತಾನೆ. ಹೊರಗೆ ಕಟ್ಟೆಯ ಮೇಲೆ ಕಸ್ತೂರಿ ಓಣಿಯ ಹೆಂಗಸರನ್ನು ನಗಿಸುತ್ತಿರುತ್ತಾಳೆ, ಅವನಿಗಿಂತ ಚೆನ್ನಾಗಿ. ಒಳಗೆ ಅವನು ಕೆಮ್ಮಿದರೂ ಸಾಕು, ಅವಳ ಮಾತು ನಿಂತುಬಿಡುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಇಂಥ ಗಂಡನಿಗೆ ಸುಮ್ಮನೆ ಹೇಳುತ್ತಾರೆಯೇ?

ಮೊನ್ನೆ ಪಕ್ಕದ ಮನೆಯ ಮದುಮಗಳು ಒಡಪು ಕಲಿಯಲು ಬಂದಳು. ಕಸ್ತೂರಿ ಒಂದಿಷ್ಟೂ ತಡವರಿಸದೆ ರಾಗವಾಗಿ ಹೇಳಿದಳು: "ಅಂಗಳದಾಗ ರಂಗೋಲಿ, ಬಾಗಲದಾಗ ತೋರಣ, ನನ್ನ ನಗಿಗೆಲ್ಲಾ ನೀಲಕಂಠರಾಯರ ಕಾರಣ."

ಬಾಗಿಲ ಹಿಂದೆ ಅವನು ಕೇಳಿಸಿಕೊಂಡ. ಅಳು ಸದ್ದಾಗಿ ಹೊರಡುವುದರಲ್ಲಿತ್ತು. ನನ್ನ ಸೆರಗಿನ ತುಂಡನ್ನು ಬಾಯಿಗೆ ತುರುಕಿಕೊಂಡ. ನಾನು ಒದ್ದೆಯಾದೆ.

ಅವಳಿಗೆ ಏನೂ ಕೇಳಿಸಲಿಲ್ಲ. ಮಾತಾಡುತ್ತಲೇ ಇದ್ದಳು.