ತೊಳೆದ ಟೋಪಿ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊನ್ನಾಳಿಯಲ್ಲಿ ಹೊಳೆಯ ಮೇಲಿನ ಮಂಜು ಕರಗುವ ಹೊತ್ತು. ಟೈಲರ್ ಹಾಲೇಶಪ್ಪ ಅಂಗಡಿ ತೆಗೆಯಲು ಬರುವಷ್ಟರಲ್ಲಿ ಗೋವಿನಕೋವಿಯ ಮುದುಕಿ ಕಸ್ತೂರಮ್ಮ ಮೊದಲ ಬಸ್ಸಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಒಂದು ಬಟ್ಟೆಗಂಟು.

ಹಾಲೇಶಪ್ಪನಿಗೆ ಹಳೇ ಮಿಲಿಟರಿ ಟೋಪಿಗಳ ಹುಚ್ಚು. ಜಗಳೂರಿನ ಕಡೆ ಯಾರೋ ಕೋಳಿಗೆ ನೀರಿಡುತ್ತಿದ್ದ ಕಬ್ಬಿಣದ ಹೆಲ್ಮೆಟ್ಟನ್ನು ಹೊಸ ಬಕೆಟ್ ಕೊಟ್ಟು ತಂದವನು. ಬಿಲ್ಲೆ, ಹೊಲಿಗೆ, ಗಲ್ಲದ ಪಟ್ಟಿ ನೋಡಿ ಯಾವ ಕಾಲದ್ದು, ಯಾವ ಪಡೆಯದ್ದು ಎಂದು ಹೇಳಿಬಿಡುವನು. "ನಮ್ಮನೇಲಿ ತಲೆ ಎರಡು, ಟೋಪಿ ಗೋಡೆ ತುಂಬ" ಎಂದು ಹೆಂಡತಿ ಹೇಮಾವತಿ ಬಂದವರ ಮುಂದೆಲ್ಲ ಆಡಿಕೊಳ್ಳುವಳು.

ಗಂಟಿನಲ್ಲಿದ್ದದ್ದು ಕಸ್ತೂರಮ್ಮನ ಗಂಡ ಬೈಲಪ್ಪನ ಉಣ್ಣೆ ಟೋಪಿ. ಗಡಿಯ ಹಿಮದಲ್ಲಿ ಹೂತುಹೋದ ಸಿಪಾಯಿ; ಹೆಣ ಸಿಗಲಿಲ್ಲ, ಟ್ರಂಕು ಬಂತು. ವರ್ಷಕ್ಕೊಮ್ಮೆ, ಅವನು ಹೋದ ದಿನ, ಟ್ರಂಕು ತೆರೆದು ಮತ್ತೆ ಮುಚ್ಚುವಳಂತೆ. ಈ ಸಲ ನುಸಿ ತೂತು ಮಾಡಿತ್ತು. ಅದೊಂದನ್ನು ಮುಚ್ಚಿಕೊಟ್ಟರೆ ಸಾಕು ಎಂದಳು. ಕೊಡುವ ಮುಂಚೆ ಟೋಪಿಯನ್ನು ಒಮ್ಮೆ ಮೂಗಿಗೆ ಒತ್ತಿ ಹಿಡಿದು ಉಸಿರೆಳೆದಳು. ನೆಗಡಿಯಿರಬೇಕು ಅಂದುಕೊಂಡ ಹಾಲೇಶಪ್ಪ.

ತೂತನ್ನು ಅದೇ ಟೋಪಿಯ ಎಳೆ ತೆಗೆದು ಕಾಣದ ಹಾಗೆ ನೇಯ್ದ. ಒಳಗಿನ ಚರ್ಮದ ಪಟ್ಟಿ ಎಣ್ಣೆ, ಬೆವರು ಕುಡಿದು ಕರ್‍ರಗಾಗಿತ್ತು. ಜಿಡ್ಡಿದ್ದಲ್ಲಿ ನುಸಿ ಮತ್ತೆ ಬರುತ್ತದೆ. ಅಂಟುವಾಳದ ನೀರಿನಲ್ಲಿ ತೊಳೆದ, ಪಟ್ಟಿಯನ್ನು ಸ್ಪಿರಿಟ್ಟಿನಿಂದ ಉಜ್ಜಿದ, ಬಿಸಿಲಿಗಿಟ್ಟ, ನುಸಿ ಗುಳಿಗೆ ಹಾಕಿದ. ತನ್ನ ಯಾವ ಟೋಪಿಗೂ ಅವನು ಇಷ್ಟು ಅಕ್ಕರೆ ಮಾಡಿರಲಿಲ್ಲ.

ಮುಂದಿನ ವಾರ ಬಂದ ಕಸ್ತೂರಮ್ಮ ತೂತು ಎಲ್ಲಿತ್ತೆಂದೂ ನೋಡಲಿಲ್ಲ. ಟೋಪಿಯನ್ನು ಮುಖಕ್ಕೆ ಹಿಡಿದಳು. ತಿರುಗಿಸಿ ಪಟ್ಟಿಗೆ ಮೂಗಿಟ್ಟಳು. ಇನ್ನೊಮ್ಮೆ ಇಟ್ಟಳು.

"ತೊಳೆದ್ಯೇನಪ್ಪ?"

"ಹೌದು ಕಣವ್ವ. ಎಣ್ಣೆ ಜಿಡ್ಡು ಕೂತಿತ್ತು."

ಆ ಎಣ್ಣೆ ತಾನೇ ಲಾವಂಚ ಹಾಕಿ ಕಾಸಿದ್ದು, ಗಂಡ ಕೊನೇ ರಜೆ ಮುಗಿಸಿ ಹೊರಟಾಗ ಬಾಟ್ಲಿ ತುಂಬಿ ಕೊಟ್ಟದ್ದು ಎಂದು ಮೆಲ್ಲಗೆ ಹೇಳಿದಳು. ಅದೇ ಎಣ್ಣೆ ತಂದುಕೊಟ್ಟರೆ ಪಟ್ಟಿಗೆ ಹಚ್ಚಿಕೊಡುತ್ತೇನೆ ಅಂದ ಹಾಲೇಶಪ್ಪ.

"ಎಣ್ಣೆ ಮನೇಲೇ ಐತಪ್ಪ. ತಲೆ ಎಲ್ಲಿಂದ ತರಾಕೆ ಆಗ್ತೈತೆ?"

ಬೈಯಲಿಲ್ಲ. ಟೋಪಿಯನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟು, ನಿನ್ನ ಟೋಪಿಗಳ ಜೊತೆಗೇ ಇರಲಿ ಎಂದಳು.

ಖಾಲಿ ಬಟ್ಟೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಸ್ತೂರಮ್ಮ ಗೋವಿನಕೋವಿ ಬಸ್ಸಿಗೆ ಹೊರಟುಹೋದಳು.